ಜೇಡದ ತಲೆಗೆ ಕಟ್ಟಿದ ಕಾಯಿಲೆಗಳು

ಭತ್ತದ ನಾಟಿ ಮುಗಿದು ಗದ್ದೆಗಳಲ್ಲಿ ನೀರು ನಿಂತಿರುವ ದಿನಗಳಲ್ಲಿ ನನ್ನ ದವಾಖಾನೆಗೆ ಒಂದೇ ದೂರು ಹೊತ್ತು ಬರುವವರು ಹೆಚ್ಚು. ನಮ್ಮದು ಭದ್ರಾ ನಾಲೆಯ ನೀರಿನಿಂದ ಬದುಕುವ ಊರು. ಹಿತ್ತಲು ದಾಟಿದರೆ ಗದ್ದೆ, ಗದ್ದೆ ದಾಟಿದರೆ ನಾಲೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ರೈತರೊಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ಕರೆತಂದರು. ಹುಡುಗನ ಕುತ್ತಿಗೆಯ ಒಂದು ಬದಿಯಲ್ಲಿ ಬೆರಳಿನಿಂದ ಎಳೆದ ಗೆರೆಯಂತೆ ಕೆಂಪು ಪಟ್ಟೆ, ಅದರ ಮೇಲೆ ಸಾಲಾಗಿ ಸಣ್ಣ ಗುಳ್ಳೆಗಳು. ಸುತ್ತ ಕೆಮ್ಮಣ್ಣು ಮೆತ್ತಿದ್ದರು.

“ಜೇಡ ಉಚ್ಚೆ ಹೊಯ್ದೈತೆ ಹಕೀಂ ಸಾಬ್” ಎಂದರು ತಂದೆ.

“ಜೇಡವನ್ನು ನೋಡಿದಿರಾ ಭಾಯಿ?”

“ನೋಡಿಲ್ಲ. ರಾತ್ರಿ ಚೆನ್ನಾಗಿಯೇ ಮಲಗಿದ್ದ. ಬೆಳಿಗ್ಗೆ ಎದ್ದು ಉರಿ ಉರಿ ಅಂದ. ಇವನ ತಾಯಿ ಮೂಲೆ ಮೂಲೆ ಹುಡುಕಿ ಏಳೆಂಟು ಜೇಡ ಕೊಂದ್ಲು. ನಾನೂ ಗದ್ದೆ ಬದುವಿಗೆ ಔಷಧಿ ಹೊಡೆಸ್ಬೇಕು ಅಂತಿದೀನಿ. ಅಲ್ಲಿ ನೀರಿನ ಮೇಲೆಲ್ಲಾ ಓಡಾಡ್ತಿರ್ತವೆ.”

ಇಂಥ ಮಾತನ್ನು ನಾನು ವರ್ಷಕ್ಕೆ ಹತ್ತಾರು ಬಾರಿ ಕೇಳುತ್ತೇನೆ. ಕನ್ನಡದಲ್ಲಿ ಜೇಡದ ಉಚ್ಚೆ ಎಂದರೆ, ನಮ್ಮ ಮನೆಮಾತಿನಲ್ಲಿ ಮಕ್ಡಿ ಮೂತಿದ್ದು ಎನ್ನುತ್ತಾರೆ. ಹೆಸರು ಬೇರೆ, ನಂಬಿಕೆ ಒಂದೇ. ಚರ್ಮದ ಮೇಲೆ ಕಾರಣ ತಿಳಿಯದ ಗುಳ್ಳೆ, ಗಾಯ, ಬಾವು ಏನೇ ಕಂಡರೂ ಅದು ಜೇಡದ ಕೆಲಸವೆಂದು ತೀರ್ಮಾನವಾಗುತ್ತದೆ. ಈ ತೀರ್ಮಾನದಿಂದ ಎರಡು ನಷ್ಟಗಳಿವೆ. ಮೊದಲನೆಯದು, ನಿಜವಾದ ಕಾಯಿಲೆ ಬೇರೆಯೇ ಇದ್ದು ಚಿಕಿತ್ಸೆ ತಡವಾಗುತ್ತದೆ. ಕೆಲವೊಮ್ಮೆ ಈ ತಡ ಜೀವಕ್ಕೇ ಎರವಾಗುತ್ತದೆ. ಎರಡನೆಯದು, ಸೊಳ್ಳೆ ಮತ್ತು ಬೆಳೆಯ ಹುಳುಗಳನ್ನು ತಿನ್ನುವ ಒಂದು ಉಪಕಾರಿ ಜೀವಿಯನ್ನು ನಾವು ಕೈಯಾರೆ ಕೊಲ್ಲುತ್ತೇವೆ. ಆದ್ದರಿಂದ ಈ ತಿಂಗಳು ನೀರಂಚಿನಲ್ಲಿ ವಾಸಿಸುವ ಜೇಡಗಳ ಬಗ್ಗೆ, ಅವುಗಳ ಹೆಸರಿನಲ್ಲಿ ಮರೆಯಾಗುವ ಕಾಯಿಲೆಗಳ ಬಗ್ಗೆ ಬರೆಯುತ್ತಿದ್ದೇನೆ.

ಉಚ್ಚೆಯ ನಿಜಸ್ಥಿತಿ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ನಮ್ಮಂತೆ ಮೂತ್ರ ಹೊಯ್ಯುವುದು ಜೇಡಕ್ಕೆ ಇಲ್ಲ. ಅದರ ದೇಹದ ಕಶ್ಮಲ ಬಿಳಿಯ ಹನಿಯಾಗಿ ಹೊರಬಿದ್ದು ಒಣಗುತ್ತದೆ. ಗೋಡೆಯ ಮೂಲೆಯಲ್ಲಿ, ಬಲೆಯ ಕೆಳಗೆ ಸುಣ್ಣದ ಚುಕ್ಕೆಗಳಂತೆ ಕಾಣುವುದು ಅದೇ. ಅದು ಚರ್ಮವನ್ನು ಸುಡುವುದಿಲ್ಲ.

ಹಾಗಾದರೆ ಹುಡುಗನ ಕುತ್ತಿಗೆ ಸುಟ್ಟದ್ದು ಯಾವುದು? ಅದೊಂದು ಸಣ್ಣ ಜೀರುಂಡೆ. ವೈದ್ಯಕೀಯ ಪುಸ್ತಕಗಳಲ್ಲಿ ಇದರ ಹೆಸರು ಪೇಡರಸ್. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ನೋಡಿದರೆ ಇರುವೆಯೇ ಎನ್ನಬೇಕು. ತಲೆ ಕಪ್ಪು, ನಡುವೆ ಕಿತ್ತಳೆ ಕೆಂಪು, ಮತ್ತೆ ನೀಲಿಗಪ್ಪು, ಬಾಲದ ತುದಿ ಕಪ್ಪು. ಇದೂ ಜೇಡದಂತೆ ಒದ್ದೆ ನೆಲದಲ್ಲಿ, ಗದ್ದೆ, ಕೆರೆ, ಕಾಲುವೆಗಳ ಅಂಚಿನಲ್ಲಿಯೇ ಇರುತ್ತದೆ. ಮಳೆಯ ನಂತರ ಹೆಚ್ಚಾಗುತ್ತದೆ. ರಾತ್ರಿ ದೀಪದ ಬೆಳಕಿಗೆ ಹಾರಿ ಬಂದು ಹಾಸಿಗೆ, ಟವೆಲ್, ಬಟ್ಟೆಗಳ ಮೇಲೆ ಕೂರುತ್ತದೆ.

ಈ ಜೀರುಂಡೆ ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಆದರೆ ಅದರ ದೇಹದ ರಸದಲ್ಲಿ ಪೆಡೆರಿನ್ ಎಂಬ ತೀಕ್ಷ್ಣ ವಿಷವಿದೆ. ನಿದ್ದೆಯಲ್ಲಿ ಕುತ್ತಿಗೆಯ ಮೇಲೆ ಏನೋ ಹರಿದಂತಾದಾಗ ನಾವು ಕೈಯಿಂದ ಉಜ್ಜುತ್ತೇವೆ. ಹುಳು ಜಜ್ಜಿಹೋಗಿ, ಕೈ ಎಳೆದ ದಾರಿಯಲ್ಲೇ ರಸ ಬಳಿಯುತ್ತದೆ. ಗೆರೆಯಂತಹ ಗಾಯಕ್ಕೆ ಕಾರಣ ಇದೇ. ಸುಮಾರು ಒಂದು ದಿನದೊಳಗೆ ಚರ್ಮ ಕೆಂಪಾಗಿ ಉರಿಯುತ್ತದೆ, ಬಳಿಕ ಗುಳ್ಳೆ ಏಳುತ್ತದೆ. ಮೊಣಕೈ ಮಡಿಕೆಯಲ್ಲಿ ಆಗಿದ್ದರೆ ಕೈ ಮಡಚಿದಾಗ ಎದುರಿನ ಚರ್ಮಕ್ಕೂ ಅಂಟಿ ಜೋಡಿ ಗಾಯವಾಗುತ್ತದೆ. ಅದೇ ಕೈಯಿಂದ ಕಣ್ಣು ಉಜ್ಜಿಕೊಂಡರೆ ರೆಪ್ಪೆ ಊದಿಕೊಳ್ಳುತ್ತದೆ. ಒಂದರಿಂದ ಮೂರು ವಾರಗಳಲ್ಲಿ ವಾಸಿಯಾಗಿ, ಕಪ್ಪು ಕಲೆ ಮಾತ್ರ ಕೆಲಕಾಲ ಉಳಿಯುತ್ತದೆ.

ಇದಕ್ಕೆ ಚಿಕಿತ್ಸೆ ಸರಳ. ಹುಳು ಮೈಮೇಲೆ ಕಂಡರೆ ಹೊಡೆಯಬೇಡಿ, ಉಜ್ಜಬೇಡಿ. ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಹಾಕಿ. ರಸ ತಾಗಿದೆ ಎನಿಸಿದರೆ ತಕ್ಷಣ ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯಿರಿ. ಉರಿಗೆ ಶುದ್ಧವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಇಡಿ. ಗುಳ್ಳೆ ಒಡೆಯಬೇಡಿ. ಸುಣ್ಣ, ಕೆಮ್ಮಣ್ಣು, ಟೂತ್‌ಪೇಸ್ಟ್ ಹಚ್ಚಬೇಡಿ. ಇವುಗಳಿಂದ ಉರಿ ಹೆಚ್ಚುತ್ತದೆ, ಕೀವೂ ಆಗಬಹುದು. ಕಣ್ಣಿಗೆ ತಾಗಿದ್ದರೆ ತೊಳೆದು ಅಂದೇ ವೈದ್ಯರಿಗೆ ತೋರಿಸಿ.

ಗುಳ್ಳೆಗಳೆಲ್ಲ ಈ ಹುಳುವಿನವೇ ಅಲ್ಲ. ದೇಹದ ಒಂದೇ ಬದಿಯಲ್ಲಿ, ಪಟ್ಟಿ ಕಟ್ಟಿದ ಹಾಗೆ ಗೊಂಚಲು ಗುಳ್ಳೆಗಳೆದ್ದು, ಅವುಗಳಿಗಿಂತ ಎರಡು ಮೂರು ದಿನ ಮೊದಲೇ ಆ ಜಾಗದಲ್ಲಿ ಚುಚ್ಚುವ ನೋವಿದ್ದರೆ ಅದು ಸರ್ಪಸುತ್ತು. ಇದು ನೀರುಗುಳ್ಳೆ ಜ್ವರ, ಅಂದರೆ ಚಿಕನ್‌ಪಾಕ್ಸ್ ತರುವ ವೈರಸ್ಸಿನಿಂದಲೇ ಬರುತ್ತದೆ. ಗುಳ್ಳೆ ಕಂಡ ಮೂರು ದಿನಗಳೊಳಗೆ ವೈರಸ್ ವಿರುದ್ಧದ ಮಾತ್ರೆ ಆರಂಭಿಸಿದರೆ ಪ್ರಯೋಜನ ಹೆಚ್ಚು. “ಜೇಡ ಓಡಾಡಿದೆ, ತಾನೇ ಹೋಗುತ್ತದೆ” ಎಂದು ಕುಳಿತವರು ಆ ಮೂರು ದಿನಗಳನ್ನು ಕಳೆದುಕೊಳ್ಳುತ್ತಾರೆ. ವಯಸ್ಸಾದವರಲ್ಲಿ ಅದರ ನೋವು ತಿಂಗಳುಗಟ್ಟಲೆ ಕಾಡುವುದನ್ನು ನಾನು ನೋಡಿದ್ದೇನೆ.

ನೀರಂಚಿನಲ್ಲಿ ಜೇಡ ಮಾಡುವುದೇನು?

ಇನ್ನು ಆರೋಪ ಹೊತ್ತ ಜೇಡಗಳ ಕಡೆಗೆ ಬರೋಣ. ಜಗತ್ತಿನಲ್ಲಿ ವಿಜ್ಞಾನಿಗಳು ಹೆಸರಿಟ್ಟ ಜೇಡಗಳ ಜಾತಿಗಳು 2022ರಲ್ಲಿ 50,000 ದಾಟಿದವು. ಅವುಗಳಲ್ಲಿ ಹಲವು ನೀರಿನ ಸಮೀಪವೇ ಬದುಕುತ್ತವೆ. ಕಾರಣ ಸರಳ. ನೀರು ಇದ್ದಲ್ಲಿ ಹುಳುಹುಪ್ಪಟೆ ಹೆಚ್ಚು, ಹುಳು ಇದ್ದಲ್ಲಿ ಜೇಡಕ್ಕೆ ಆಹಾರ.

ನಮ್ಮ ಭತ್ತದ ಗದ್ದೆಗಳಲ್ಲಿ ಮುಖ್ಯವಾಗಿ ಕಾಣುವುದು ತೋಳ ಜೇಡ. ಇದು ಬಲೆ ನೇಯ್ದು ಕಾಯುವುದಿಲ್ಲ, ತೋಳದ ಹಾಗೆ ಓಡಿ ಹಿಡಿಯುತ್ತದೆ. ಭತ್ತದ ಬುಡದಲ್ಲಿ, ನಿಂತ ನೀರಿನ ಮೇಲೂ ಸರಾಗವಾಗಿ ಓಡುತ್ತದೆ. ಕಾಲಿನ ಮೇಲಿನ ಸೂಕ್ಷ್ಮ ರೋಮಗಳು ನೀರನ್ನು ಅಂಟಗೊಡುವುದಿಲ್ಲ. ನೀರಿನ ಮೇಲ್ಮೈ ಬಿಗಿದ ಹಾಳೆಯಂತೆ ಅದರ ಹಗುರ ದೇಹವನ್ನು ಹೊರುತ್ತದೆ. ತಾಯಿ ಜೇಡ ಮೊಟ್ಟೆಗಳ ಉಂಡೆಯನ್ನು ಹಿಂಬದಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಕೆಲ ದಿನ ಅವನ್ನು ಬೆನ್ನಿನ ಮೇಲೆ ಹೊತ್ತು ಓಡಾಡುತ್ತದೆ. ರಾತ್ರಿ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ಬೆಳಕು ಬಿಡಿ. ಹುಲ್ಲಿನ ನಡುವೆ ಇಬ್ಬನಿಯಂತೆ ಮಿನುಗುವ ಚುಕ್ಕೆಗಳು ಕಂಡರೆ, ಅವು ತೋಳ ಜೇಡಗಳ ಕಣ್ಣುಗಳು.

ಇದರ ಮುಖ್ಯ ಬೇಟೆ ಭತ್ತದ ರಸ ಹೀರುವ ಕಂದು ಜಿಗಿ ಹುಳು. ದೊಡ್ಡ ತೋಳ ಜೇಡವೊಂದು ದಿನಕ್ಕೆ ಐದರಿಂದ ಹದಿನೈದು ಹುಳುಗಳನ್ನು ತಿನ್ನುತ್ತದೆ ಎಂದು ಭತ್ತದ ಕೀಟಗಳನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಎಕರೆಯಲ್ಲಿ ಸಾವಿರಾರು ಜೇಡಗಳಿದ್ದರೆ ಲೆಕ್ಕ ನೀವೇ ಹಾಕಿ.

ಇನ್ನೊಂದು ಉದ್ದ ದವಡೆಯ ಜೇಡ. ಹಗಲು ಹೊತ್ತು ಭತ್ತದ ಎಲೆಗೋ ಜೊಂಡಿಗೋ ಕಾಲು ಚಾಚಿ ಅಂಟಿಕೊಂಡಿರುತ್ತದೆ. ಒಣಗಿದ ಕಡ್ಡಿ ಎಂದುಕೊಂಡು ಮುಂದೆ ಹೋಗುತ್ತೇವೆ. ಸಂಜೆಯಾಗುತ್ತಿದ್ದಂತೆ ನೀರಿನ ಮೇಲೆ, ಹೆಚ್ಚಾಗಿ ಅಡ್ಡಲಾಗಿ ಚಾಪೆ ಹಾಸಿದ ಹಾಗೆ ಬಲೆ ನೇಯುತ್ತದೆ. ನೀರಿನಿಂದ ಮೇಲೇಳುವ ಸೊಳ್ಳೆ, ನುಸಿಗಳು ಅದಕ್ಕೆ ಸಿಕ್ಕಿಬೀಳುತ್ತವೆ.

ಮೂರನೆಯದು ಮೀನು ಹಿಡಿಯುವ ಜೇಡ. ಹಿಂಗಾಲುಗಳನ್ನು ಕಲ್ಲಿಗೋ ಎಲೆಗೋ ಊರಿ, ಮುಂಗಾಲುಗಳನ್ನು ನೀರಿನ ಮೇಲೆ ಹಗುರವಾಗಿ ಇಟ್ಟು ಕೂರುತ್ತದೆ. ನಾವು ನಾಡಿ ನೋಡುವಾಗ ಬೆರಳಿಟ್ಟಂತೆ! ಗಾಳಿಯ ಅಲೆ ಯಾವುದು, ನೀರಿಗೆ ಬಿದ್ದ ಹುಳು ಎಬ್ಬಿಸಿದ ಅಲೆ ಯಾವುದು ಎಂದು ಕಾಲಿನ ಸ್ಪರ್ಶದಿಂದಲೇ ತಿಳಿಯುತ್ತದೆ. ಬೇಟೆ ತಿಳಿದೊಡನೆ ನೀರಿನ ಮೇಲೆ ನುಗ್ಗುತ್ತದೆ. ಅಪಾಯ ಕಂಡರೆ ನೀರೊಳಗೆ ಇಳಿದು ಗಿಡದ ಕಾಂಡವನ್ನು ಹಿಡಿದುಕೊಂಡು ಕೂರುತ್ತದೆ. ಮೈಯ ರೋಮಗಳಲ್ಲಿ ಸಿಕ್ಕಿಕೊಂಡ ಗಾಳಿಯ ಪದರದಿಂದ ಅಷ್ಟು ಹೊತ್ತು ಉಸಿರಾಡುತ್ತದೆ. ಮಾರ್ಟಿನ್ ನೈಫೆಲರ್ ಮತ್ತು ಬ್ರಾಡ್ಲಿ ಪ್ಯೂಸಿ ಎಂಬ ವಿಜ್ಞಾನಿಗಳು ಜೇಡಗಳು ಮೀನು ಹಿಡಿದ ಎಂಬತ್ತಕ್ಕೂ ಹೆಚ್ಚು ಪ್ರಸಂಗಗಳನ್ನು ಬೇರೆ ಬೇರೆ ದೇಶಗಳಿಂದ ಕಲೆಹಾಕಿ 2014ರಲ್ಲಿ ಪ್ರಕಟಿಸಿದರು. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದು ನಡೆಯುತ್ತದೆ. ಮೀನುಗಳು ಸಾಮಾನ್ಯವಾಗಿ 2ರಿಂದ 6 ಸೆಂಟಿಮೀಟರ್ ಉದ್ದದವು. ಈ ಕುಟುಂಬದ ಜೇಡಗಳು ಭಾರತದಲ್ಲೂ ಇವೆ.

ಯುರೋಪು ಮತ್ತು ಏಷ್ಯಾದ ತಂಪು ಪ್ರದೇಶಗಳ ಕೊಳಗಳಲ್ಲಿರುವ ಒಂದು ಜೇಡವಂತೂ ಬಹುಪಾಲು ಆಯುಷ್ಯವನ್ನು ನೀರಿನೊಳಗೇ ಕಳೆಯುತ್ತದೆ. ನೀರೊಳಗಿನ ಗಿಡಗಳ ನಡುವೆ ರೇಷ್ಮೆಯ ಗೂಡು ಕಟ್ಟಿ, ಮೇಲಿನಿಂದ ಗಾಳಿಯ ಗುಳ್ಳೆಗಳನ್ನು ಹೊತ್ತು ತಂದು ಅದರಲ್ಲಿ ತುಂಬಿಕೊಳ್ಳುತ್ತದೆ. ಆ ಗಾಳಿಗುಳ್ಳೆ ಮೀನಿನ ಕಿವಿರಿನಂತೆ ನೀರಿನಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ನೀರು ನಿಶ್ಚಲವಾಗಿದ್ದರೂ ಜೇಡ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಮೇಲೆ ಬಾರದೆ ಇರಬಲ್ಲದು ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಸೊಳ್ಳೆಯ ವೈರಿ

ಆರೋಗ್ಯದ ದೃಷ್ಟಿಯಿಂದ ನಮಗೆ ಹೆಚ್ಚು ಮುಖ್ಯವಾದುದು ಪೂರ್ವ ಆಫ್ರಿಕಾದ ಒಂದು ಪುಟ್ಟ ಜೇಡ. ಕೀನ್ಯಾ ಮತ್ತು ಉಗಾಂಡಾದಲ್ಲಿ ವಿಕ್ಟೋರಿಯಾ ಸರೋವರದ ಸುತ್ತ ಇದು ವಾಸಿಸುತ್ತದೆ. ನೆಗೆದು ಬೇಟೆಯಾಡುವ ಈ ಜೇಡಕ್ಕೆ ಎಲ್ಲಕ್ಕಿಂತ ಇಷ್ಟವಾದ ಆಹಾರ ರಕ್ತ ಹೀರಿ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಸೊಳ್ಳೆ. ಅದರಲ್ಲೂ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯನ್ನು ಗುರುತಿಸಿ ಹಿಡಿಯುತ್ತದೆ. ಮನುಷ್ಯರು ಹಾಕಿ ಬಿಚ್ಚಿದ ಕಾಲುಚೀಲದ ವಾಸನೆಗೂ ಅದು ಹತ್ತಿರ ಬರುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯರಿರುವಲ್ಲಿ ರಕ್ತ ಕುಡಿದ ಸೊಳ್ಳೆಯೂ ಇರುತ್ತದಲ್ಲವೇ! ಮಲೇಷ್ಯಾದಲ್ಲಿ ಇನ್ನೊಂದು ಜೇಡ ಬಿದಿರಿನ ಟೊಳ್ಳಿನಲ್ಲಿ ವಾಸಿಸುತ್ತಾ, ಅಲ್ಲಿ ನಿಂತ ನೀರಿನಲ್ಲಿರುವ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ.

2010ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಭಾರೀ ಪ್ರವಾಹ ಬಂದು ನೀರು ತಿಂಗಳುಗಟ್ಟಲೆ ಇಳಿಯದೆ ನಿಂತಾಗ ಅಸಂಖ್ಯಾತ ಜೇಡಗಳು ಮರಗಳನ್ನೇರಿದವು. ಇಡೀ ಮರಗಳು ಸೊಳ್ಳೆಪರದೆ ಹೊದೆಸಿದಂತೆ ಬಲೆಯಿಂದ ಮುಚ್ಚಿಹೋದ ಚಿತ್ರಗಳನ್ನು ಅನೇಕರು ಪತ್ರಿಕೆಗಳಲ್ಲಿ ನೋಡಿರಬಹುದು. ನಿಂತ ನೀರು ಅಷ್ಟಿದ್ದರೂ ಸೊಳ್ಳೆಗಳು ನಿರೀಕ್ಷಿಸಿದಷ್ಟು ಇರಲಿಲ್ಲ ಎಂದು ಅಲ್ಲಿನ ಜನ ಹೇಳಿದ್ದಾಗಿ ವರದಿಗಳು ಬಂದಿದ್ದವು.

ಆದರೆ ಒಂದು ಎಚ್ಚರಿಕೆ. ಜೇಡ ಇದೆ ಎಂದು ಡೆಂಗಿಯ ಭಯವಿಲ್ಲದೆ ಕೂರುವಂತಿಲ್ಲ. ಡೆಂಗಿ ಸೊಳ್ಳೆ ನಮ್ಮ ಮನೆಯ ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಹಳೆಯ ಟೈರುಗಳಲ್ಲಿ ಒಂದು ವಾರ ಹತ್ತು ದಿನದಲ್ಲಿ ಬೆಳೆದು ಹಾರುತ್ತದೆ. ವಾರಕ್ಕೊಮ್ಮೆ ಅವನ್ನು ಖಾಲಿ ಮಾಡಿ, ಉಜ್ಜಿ ಒಣಗಿಸುವುದು ನಮ್ಮ ಕೆಲಸ. ಜೇಡ ನಮಗೆ ಸಹಾಯಕ ಮಾತ್ರ.

ನಾನು ಮಾಡಿದ ತಪ್ಪು

ಇಲ್ಲಿ ನನ್ನದೇ ಒಂದು ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ದವಾಖಾನೆ ತೆರೆದ ಮೊದಲ ವರ್ಷಗಳ ಮಾತು. ನಾಟಿ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಜ್ವರವೆಂದು ಬಂದರು. ನಾಲ್ಕು ದಿನದ ಜ್ವರ, ವಿಪರೀತ ತಲೆನೋವು, ಮೈಕೈ ನೋವು. ಸೊಂಟದಲ್ಲಿ ಸೀರೆ ಕಟ್ಟುವ ಜಾಗದಲ್ಲಿ ಒಂದು ಕಪ್ಪು ಹಕ್ಕಳೆ, ಬೀಡಿಯಿಂದ ಸುಟ್ಟಂತೆ, ಸುತ್ತ ಕೆಂಪು. ನೋವಿಲ್ಲ, ತುರಿಕೆಯಿಲ್ಲ. “ನಾಲೆ ದಂಡೆ ಮೇಲೆ ಊಟಕ್ಕೆ ಕೂತಾಗ ಜೇಡ ಕಚ್ಚಿರಬೇಕು ಡಾಕ್ಟ್ರೇ” ಎಂದರು. ನಾನೂ ಒಪ್ಪಿದೆ. ಗಾಯಕ್ಕೆ ಮರ್ಹಮ್, ಜ್ವರಕ್ಕೆ ಕಷಾಯ ಕೊಟ್ಟು ಕಳುಹಿಸಿದೆ.

ಮೂರು ದಿನದ ನಂತರ ಅವರನ್ನು ಆಟೋದಲ್ಲಿ ಹೊತ್ತು ತಂದರು. ಉಸಿರು ಏರುತ್ತಿತ್ತು, ಕಣ್ಣು ಹಳದಿಯಾಗಿತ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿನ ವೈದ್ಯರು ಆ ಕಪ್ಪು ಹಕ್ಕಳೆಯನ್ನು ನೋಡಿದೊಡನೆ ಕಾಯಿಲೆಯ ಹೆಸರು ಹೇಳಿದರು. ಸ್ಕ್ರಬ್ ಟೈಫಸ್! ರಕ್ತಪರೀಕ್ಷೆಯಲ್ಲೂ ಅದೇ ಬಂತು. ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಔಷಧಿ ಆರಂಭಿಸಿದರು. ಐಸಿಯುವಿನಲ್ಲಿ ಆರು ದಿನವಿದ್ದು ಅವರು ಬದುಕಿ ಬಂದರು. ಅಲ್ಹಮ್ದುಲಿಲ್ಲಾಹ್. ಆದರೆ ಆ ಆರು ದಿನಗಳು ನನಗೆ ನಿದ್ದೆ ಇರಲಿಲ್ಲ. ಅದೇ ಔಷಧಿ ನಾನು ನೋಡಿದ ದಿನವೇ ಸಿಕ್ಕಿದ್ದರೆ ಅವರು ಮನೆಯಲ್ಲೇ ಗುಣವಾಗುತ್ತಿದ್ದರು. ಅವರನ್ನು ತಡ ಮಾಡಿಸಿದ್ದು ನಾನು ಒಪ್ಪಿಕೊಂಡ “ಜೇಡ” ಎಂಬ ಎರಡಕ್ಷರ.

ಸ್ಕ್ರಬ್ ಟೈಫಸ್ ತರುವುದು ಒಂದು ಬ್ಯಾಕ್ಟೀರಿಯಾ. ಹುಲ್ಲು, ಪೊದೆ, ಹೊಲದ ಬದು, ನದಿ ದಂಡೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳು ಕಚ್ಚಿದಾಗ ಅದು ದೇಹ ಸೇರುತ್ತದೆ. ಸಾಮಾನ್ಯವಾಗಿ ಆರರಿಂದ ಇಪ್ಪತ್ತೊಂದು ದಿನಗಳೊಳಗೆ ಜ್ವರ ಬರುತ್ತದೆ. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆಯಾಗುತ್ತದೆ. ಅದು ಕಂಕುಳು, ತೊಡೆಸಂದು, ಸೊಂಟ, ಎದೆಯ ಕೆಳಗೆ, ಹೀಗೆ ಮುಚ್ಚಿದ ಜಾಗಗಳಲ್ಲೇ ಹೆಚ್ಚು. ಸಂಕೋಚದಿಂದ ಹೆಂಗಸರು ತೋರಿಸುವುದಿಲ್ಲ. ಎಲ್ಲ ರೋಗಿಗಳಲ್ಲೂ ಹಕ್ಕಳೆ ಕಾಣುವುದೂ ಇಲ್ಲ. ನನ್ನ ಕಳಕಳಿಯ ವಿನಂತಿ ಇಷ್ಟೆ. ಗದ್ದೆ, ತೋಟ, ಕುರುಚಲು ಕಾಡಿನಲ್ಲಿ ಓಡಾಡಿದವರಿಗೆ ಮಳೆಗಾಲ ಅಥವಾ ಚಳಿಗಾಲದಲ್ಲಿ ಜ್ವರ ಬಂದರೆ ಮನೆಯಲ್ಲಿ ಯಾರಾದರೂ ಮೈಯನ್ನು ಪೂರ್ತಿ ನೋಡಿ. ಹೆಂಗಸರಾದರೆ ತಾಯಿಯೋ ಅಕ್ಕತಂಗಿಯೋ ನೋಡಲಿ. ಕಪ್ಪು ಹಕ್ಕಳೆ ಕಂಡರೆ ವೈದ್ಯರಿಗೆ ತಪ್ಪದೆ ಹೇಳಿ. ನಾನು ಯುನಾನಿ ವೈದ್ಯ. ನಮ್ಮ ಪದ್ಧತಿಯಿಂದ ಅನೇಕರಿಗೆ ಗುಣವಾಗುವುದನ್ನು ದಿನವೂ ಕಾಣುತ್ತೇನೆ. ಆದರೆ ಈ ಜ್ವರಕ್ಕೆ ಆ ಮಾತ್ರೆಯೇ ಬೇಕು. ಅದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ.

ನೋಡದ ಕಡಿತ

ಇದಕ್ಕಿಂತಲೂ ಅವಸರದ ಸಂಗತಿ ಇನ್ನೊಂದಿದೆ. “ಗದ್ದೆಯಲ್ಲಿ ಏನೋ ಕಚ್ಚಿತು, ಜೇಡವೇ ಇರಬೇಕು.” ಈ ಮಾತು ಬಹಳ ಅಪಾಯಕಾರಿ. ಕಟ್ಟುಹಾವು ಕಚ್ಚಿದರೆ ನೋವು ಅತ್ಯಲ್ಪ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುವುದೇ ಹೆಚ್ಚು. ಕೆಲ ಗಂಟೆಗಳಲ್ಲಿ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನಾಲಿಗೆ ತೊದಲುವುದು, ಕೊನೆಗೆ ಉಸಿರೇ ಕಟ್ಟುವುದು. ಕೊಳಕುಮಂಡಲ ಕಚ್ಚಿದರೆ ಊತ, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ.

ಆದ್ದರಿಂದ ಕಚ್ಚಿದ್ದನ್ನು ಕಣ್ಣಾರೆ ನೋಡಿಲ್ಲವೆಂದರೆ ಅದನ್ನು ಹಾವು ಎಂದೇ ತಿಳಿಯಿರಿ. ಕಚ್ಚಿದ ಕೈಕಾಲನ್ನು ಅಲುಗಿಸಬೇಡಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. 108ಕ್ಕೆ ಕರೆ ಮಾಡಿ ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಹೋಗಿ. ಹಾವಲ್ಲವೆಂದು ಅಲ್ಲಿ ತಿಳಿದರೆ ಸಮಾಧಾನದಿಂದ ಮನೆಗೆ ಬರಬಹುದು.

ಜೇಡ ನಿಜವಾಗಿ ಕಚ್ಚಿದರೆ

ಹಾಗೆಂದು ಜೇಡ ಕಚ್ಚುವುದೇ ಇಲ್ಲ ಎನ್ನುತ್ತಿಲ್ಲ. ಬಹುತೇಕ ಎಲ್ಲ ಜೇಡಗಳಿಗೂ ವಿಷವಿದೆ. ಆದರೆ ಅದು ಹುಳುಗಳಿಗೆಂದು ಇರುವ ವಿಷ. ಜೇಡ ಸೊಳ್ಳೆಯಂತೆ ನಮ್ಮ ರಕ್ತ ಕುಡಿಯುವುದಿಲ್ಲ. ನಮ್ಮನ್ನು ಹುಡುಕಿಕೊಂಡು ಬರಲು ಅದಕ್ಕೆ ಕಾರಣವೇ ಇಲ್ಲ. ಬಟ್ಟೆ, ಶೂ, ಗೋಣಿಚೀಲಗಳ ನಡುವೆ ಸಿಕ್ಕಿ ಅಮುಕಿಹೋದಾಗ ಮಾತ್ರ ಕಚ್ಚುತ್ತದೆ. ಸಣ್ಣ ಜೇಡಗಳ ಹಲ್ಲು ನಮ್ಮ ಚರ್ಮವನ್ನು ದಾಟುವುದೂ ಇಲ್ಲ. ತೋಳ ಜೇಡ, ಮೀನು ಜೇಡಗಳಂತಹ ದೊಡ್ಡವು ಕಚ್ಚಿದರೆ ಕಣಜ ಕುಟುಕಿದಂತೆ ನೋವು, ಸ್ವಲ್ಪ ಊತ, ಕೆಂಪು. ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ನಮ್ಮ ಗದ್ದೆ ಕಾಲುವೆಗಳ ಜೇಡ ಕಚ್ಚಿ ಪ್ರಾಣ ಹೋದವರನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿಲ್ಲ.

ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ಊತ ಹರಡುತ್ತಾ ಹೋದರೆ, ಜ್ವರ ಬಂದರೆ, ಕೀವಾದರೆ, ಮೈಯೆಲ್ಲ ದದ್ದು ಎದ್ದು ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಯಾವ ಕೆಂಪು ಬಾವನ್ನೂ ಜೇಡದ ಲೆಕ್ಕಕ್ಕೆ ಬರೆದು ಬಿಡಬಾರದು. ಅದು ಚರ್ಮದಡಿಯ ಸೋಂಕಾಗಿ ಕಾಲನ್ನೇ ಕಳೆಯಬಹುದು.

ಬಲೆ, ಗಾಯ ಮತ್ತು ಮನೆಯ ಶುಚಿತ್ವ

ಕೈ ಕೊಯ್ದುಕೊಂಡಾಗ ಮೂಲೆಯ ಜೇಡರ ಬಲೆಯನ್ನು ತೆಗೆದು ಗಾಯಕ್ಕೆ ಅಂಟಿಸುವ ರೂಢಿ ಇಂದಿಗೂ ಇದೆ. ಇದು ಬಹಳ ಹಳೆಯ ರೂಢಿ. ಯುನಾನಿ ವೈದ್ಯದ ಮೂಲಪುರುಷರಲ್ಲಿ ಒಬ್ಬರಾದ, ಒಂದನೆಯ ಶತಮಾನದ ಗ್ರೀಕ್ ವೈದ್ಯ ದಿಯಾಸ್ಕೊರಿಡೆಸ್ ಕೂಡ ಬಲೆ ರಕ್ತ ನಿಲ್ಲಿಸುತ್ತದೆ ಎಂದು ಬರೆದಿದ್ದಾರೆ. ಆ ಕಾಲದಲ್ಲಿ ಧನುರ್ವಾಯುವಿನ ರೋಗಾಣು ಗೊತ್ತಿರಲಿಲ್ಲ. ಮೂಲೆಯ ಬಲೆಯಲ್ಲಿ ಧೂಳು, ಸತ್ತ ಹುಳು, ಹಲ್ಲಿಯ ಹಿಕ್ಕೆ ಎಲ್ಲವೂ ಇರುತ್ತದೆ. ದಯವಿಟ್ಟು ಗಾಯಕ್ಕೆ ಬಲೆ ಹಚ್ಚಬೇಡಿ. ನೀರಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಮಾನ್ಯ ಗಾಯದ ರಕ್ತ ನಿಲ್ಲುತ್ತದೆ. ಟಿಟಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ.

ನಮ್ಮ ಹಿರಿಯರು ಸೌರ್ ಗುಹೆಯ ಪ್ರಸಂಗವನ್ನು ನೆನೆದು ಜೇಡವನ್ನು ಕೊಲ್ಲಗೊಡುತ್ತಿರಲಿಲ್ಲ. ಅದೇ ಹಿರಿಯರು ಶುಕ್ರವಾರಕ್ಕೆ ಮುನ್ನ ಮನೆಯ ಬಲೆ ತೆಗೆಸುತ್ತಿದ್ದರು. ಎರಡರಲ್ಲೂ ವಿರೋಧವಿಲ್ಲ. ಬಲೆ ತೆಗೆಯಿರಿ, ಜೇಡವನ್ನು ಲೋಟದಲ್ಲಿ ಹಿಡಿದು ಹಿತ್ತಲಿಗೆ ಬಿಡಿ. ಬಚ್ಚಲು ಮನೆ, ಮಸೀದಿಯ ವುಝೂ ಮಾಡುವ ಜಾಗ, ಸಂಪಿನ ಮುಚ್ಚಳದ ಸುತ್ತ ಬಲೆಗಳು ಪದೇ ಪದೇ ಕಟ್ಟುತ್ತಿದ್ದರೆ ಅಲ್ಲಿ ಸೊಳ್ಳೆ, ನುಸಿ ಹೆಚ್ಚಿವೆ ಎಂದೇ ಅರ್ಥ. ಬಲೆಯನ್ನಷ್ಟೇ ತೆಗೆದರೆ ಸಾಲದು, ಸೋರುವ ನಲ್ಲಿ, ನಿಂತ ನೀರು, ತೆರೆದ ಮುಚ್ಚಳವನ್ನೂ ಸರಿಪಡಿಸಿ.

ಪೇಡರಸ್ ಹುಳು ಬಾರದಂತೆ ತಡೆಯಲು ಮಳೆಗಾಲದ ರಾತ್ರಿ ಕಿಟಕಿಗೆ ಜಾಲರಿ ಹಾಕಿ, ಹಾಸಿಗೆಯ ನೇರ ಮೇಲಿನ ದೀಪ ಆರಿಸಿ, ಸೊಳ್ಳೆಪರದೆ ಕಟ್ಟಿ. ಮಲಗುವ ಮುನ್ನ ಹಾಸಿಗೆ ಕೊಡವಿ. ಸೊಳ್ಳೆಪರದೆಯಿಂದ ಸೊಳ್ಳೆ, ಜೀರುಂಡೆ, ಕಟ್ಟುಹಾವು ಮೂರರಿಂದಲೂ ರಕ್ಷಣೆ ಸಿಗುತ್ತದೆ. ಗದ್ದೆಗೆ ಹೋಗುವವರು ಮುಸ್ಸಂಜೆಯ ನಂತರ ಟಾರ್ಚ್ ಮತ್ತು ಬೂಟು ಬಿಟ್ಟು ಹೋಗಬೇಡಿ. ಹುಲ್ಲಿನ ಮೇಲೆ ಬರಿಮೈಯಲ್ಲಿ ಕೂರಬೇಡಿ. ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿ.

ಆ ತಂದೆ ಕೇಳಿದ್ದು

ಇಷ್ಟನ್ನೂ ಆ ಬೆಳಿಗ್ಗೆ ಹುಡುಗನ ತಂದೆಗೆ ಹೇಳಲು ಸಮಯವಿರಲಿಲ್ಲ. ಗುಳ್ಳೆ ಜೇಡದ್ದಲ್ಲ ಎಂದು ಹೇಳಿ, ಕೆಮ್ಮಣ್ಣು ತೊಳೆಸಿ, ಔಷಧಿ ಕೊಟ್ಟೆ. ಎದ್ದು ಹೋಗುವಾಗ ಅವರು ಕೇಳಿದರು, “ಹಾಗಾದ್ರೆ ಬದುವಿಗೆ ಔಷಧಿ ಹೊಡೆಯೋದು ಬ್ಯಾಡ್ವಾ?”

“ಜೇಡಕ್ಕೆಂದು ಖಂಡಿತ ಬೇಡ ಭಾಯಿ. ಆ ಔಷಧಿಗೆ ಮೊದಲು ಸಾಯುವುದು ಜೇಡ. ಜಿಗಿ ಹುಳುವಿನ ಮೊಟ್ಟೆ ಭತ್ತದ ದಂಟಿನೊಳಗೆ ಉಳಿದಿರುತ್ತದೆ. ಅವು ಒಡೆದು ಮರಿ ಬಂದಾಗ ತಿನ್ನುವವರೇ ಇರುವುದಿಲ್ಲ. ಆಮೇಲೆ ಮತ್ತೆ ಮತ್ತೆ ಹೊಡೆಯಬೇಕಾಗುತ್ತದೆ. ಹೊಡೆದವರು ತಲೆಸುತ್ತು, ವಾಂತಿ ಎಂದು ನನ್ನಲ್ಲಿಗೇ ಬರುತ್ತಾರೆ. ಮೊದಲು ರೈತ ಸಂಪರ್ಕ ಕೇಂದ್ರದವರಿಗೆ ಗದ್ದೆ ತೋರಿಸಿ. ಹುಳು ಎಷ್ಟಿದೆ, ಜೇಡ ಎಷ್ಟಿದೆ ಎಂದು ನೋಡಿ ಅವರು ಹೇಳಲಿ” ಎಂದೆ.

ಹತ್ತು ದಿನ ಬಿಟ್ಟು ಮಗನನ್ನು ತೋರಿಸಲು ಮತ್ತೆ ಬಂದರು. ಗುಳ್ಳೆಗಳು ಒಣಗಿ ತಿಳಿಕಪ್ಪು ಗೆರೆಯೊಂದು ಉಳಿದಿತ್ತು. ಹಾಸಿಗೆಯ ಮೇಲಿದ್ದ ಬಲ್ಬನ್ನು ತೆಗೆದು ಪಡಸಾಲೆಗೆ ಹಾಕಿದ್ದರಂತೆ. ರೈತ ಸಂಪರ್ಕ ಕೇಂದ್ರದವರು ಸದ್ಯಕ್ಕೆ ಔಷಧಿ ಬೇಡವೆಂದಿದ್ದರಂತೆ. ಹುಡುಗ ನಡುವೆ ಬಾಯಿ ಹಾಕಿದ, “ನಾವು ರಾತ್ರಿ ಟಾರ್ಚ್ ಬಿಟ್ಟು ಬದುವಿನ ಮೇಲೆ ಕಣ್ಣು ಎಣಿಸಿದ್ವಿ ಸಾಬ್. ನೂರರವರೆಗೆ ಎಣಿಸ್ದೆ. ಆಮೇಲೆ ಅಬ್ಬಾ ಸಾಕು ಮಲಗು ಅಂದ್ರು.”